ಗಣಪತಿಗೆ ಹೋದ ಒಂದನೇ ನಂಬರು

ನಮ್ಮ ಆಫೀಸಿನಲ್ಲಿ ದಿನಕ್ಕೆ ಮೂರು ಪತ್ರಗಳು ಬರೆಯುವ ಮೊದಲೇ ರವಾನೆಯಾಗುತ್ತಿದ್ದವು. ಸಂಜೆ ಐದಕ್ಕೆ ಸರಿಯಾಗಿ ನಮ್ಮ ಹೆಡ್ ಕ್ಲಾರ್ಕು, ಎಲ್ಲರ ಬಾಯಲ್ಲಿ ಬೊಡೊಬಾಬು, ರವಾನೆ ರಿಜಿಸ್ಟರಿನಲ್ಲಿ ಆ ದಿನದ ಕೊನೆಯ ಪತ್ರದ ಕೆಳಗೆ ಇನ್ನೂ ಮೂರು ನಂಬರು ಬರೆದು, ಅವುಗಳ ಮುಂದಿನ ಜಾಗ ಖಾಲಿ ಬಿಟ್ಟು, ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಆ ಖಾಲಿ ಸಾಲಿಗೆ ಬಂಗಾಳಿಯಲ್ಲಿ 'ಫಾಂಕಾ' ಎನ್ನುತ್ತಿದ್ದರು. ಮುಂದೆ ಯಾವತ್ತಾದರೂ ಯಾರಿಗಾದರೂ ಹಳೆಯ ತಾರೀಕಿನ ಪತ್ರ ಬೇಕಾದರೆ ಆ ದಿನದ ಫಾಂಕಾ ಹುಡುಕಿ ಅದರಲ್ಲಿ ಕೂರಿಸಿದರೆ ಮುಗಿಯಿತು. ಪತ್ರ ಹುಟ್ಟಿದ್ದು ಇವತ್ತು, ಜಾತಕ ಹೋದ ತಿಂಗಳದ್ದು.

ಖಿದಿರ್‌ಪುರದ ಬಂದರಿನ ಗೋಡೆಗೆ ಬೆನ್ನು ಕೊಟ್ಟು ಕೂತ ಗೋದಾಮು ಕಂಪನಿ ನಮ್ಮದು. ಹಡಗಿನಿಂದ ಇಳಿದ ಮೂಟೆ, ಪೆಟ್ಟಿಗೆಗಳನ್ನು ಮಾಲೀಕರು ಬರುವವರೆಗೆ ಇಟ್ಟುಕೊಳ್ಳುವುದು, ಅದಕ್ಕೆ ಬೇಕಾದ ಕಾಗದಗಳನ್ನು ಊರೆಲ್ಲ ಓಡಾಡಿಸುವುದು, ಇಷ್ಟೇ ಕೆಲಸ. ಮೂಟೆಗಿಂತ ಕಾಗದ ಹೆಚ್ಚು. ನಾನು ಅಲ್ಲಿ ಸೇರಿದ್ದು ಟೈಪಿಂಗ್ ಬರುತ್ತದೆ ಎಂಬ ಒಂದೇ ಅರ್ಹತೆಯಿಂದ. ಉಳಿದ ಅರ್ಹತೆಗಳನ್ನು ಅರ್ಜಿಯಲ್ಲಿ ಬರೆಯುವ ಹಾಗಿರಲಿಲ್ಲ.

ನನಗೆ ಒಂದು ಚಟ ಇತ್ತು, ಈಗಲೂ ಇದೆ. ಯಾರಾದರೂ ಎರಡು ನಿಮಿಷ ಮಾತಾಡಿದರೆ ಮೂರನೇ ನಿಮಿಷಕ್ಕೆ ನನ್ನ ಗಂಟಲಲ್ಲಿ ಅವರೇ ಕೂತಿರುತ್ತಾರೆ. ದಕ್ಷಿಣ ಕಲ್ಕತ್ತದಲ್ಲಿ ಅಪ್ಪನದು ಆರು ಮೇಜಿನ ಉಡುಪಿ ಹೋಟೆಲು. ನನ್ನನ್ನು ಗಲ್ಲಾದಲ್ಲಿ ಕೂರಿಸಿದ ಮೊದಲ ವಾರದಲ್ಲೇ ನಾನು ಮೂವರು ಗಿರಾಕಿಗಳಿಗೆ ಅವರದೇ ಧ್ವನಿಯಲ್ಲಿ ಚಿಲ್ಲರೆ ಕೊಟ್ಟೆ. ಅದರಲ್ಲಿ ಒಬ್ಬರು ಪಾರ್ಟಿ ಆಫೀಸಿನವರು. ಅಪ್ಪ ಅವರಿಗೆ ಒಂದು ಮಸಾಲೆ ದೋಸೆ ಪುಕ್ಕಟೆ ಕೊಟ್ಟು ಸಮಾಧಾನ ಮಾಡಿ, ನನ್ನ ಕಡೆ ತಿರುಗಿ, "ಹೋಯ್ ಮಾಣಿ, ನೀನ್ ಇಲ್ಲ್ ಕೂತ್ರೆ ಗಿರಾಕಿ ಬತ್ತಿಲ್ಲೆ. ಎಲ್ಲಾದ್ರೂ ಹೋಯಿ ದುಡಿ" ಎಂದರು. ಅಪ್ಪನ ಧ್ವನಿಯಲ್ಲೇ "ಆಯ್ತ್, ಹೋತೆ" ಅಂದು ಹೊರಟೆ. ಹುಟ್ಟಿದ್ದು ಬೆಳೆದದ್ದು ಇಲ್ಲೇ ಆದ್ದರಿಂದ ನನ್ನ ಕನ್ನಡಕ್ಕೆ ಸಾಸಿವೆ ಎಣ್ಣೆಯ ವಾಸನೆ, ಬಂಗಾಳಿಗೆ ತೆಂಗಿನೆಣ್ಣೆಯದು. ಕೆಳಗೆ ಬರುವ ಆಫೀಸಿನ ಮಾತೆಲ್ಲ ನಿಜದಲ್ಲಿ ನಡೆದದ್ದು ಬಂಗಾಳಿಯಲ್ಲಿ. ನನ್ನ ಬಾಯಿಂದ ಹೊರಬರುವಾಗ ಅದು ನಮ್ಮ ಮನೆಯ ಕನ್ನಡವಾಗುತ್ತದೆ. ಕ್ಷಮೆ ಕೇಳುವ ಯೋಚನೆ ಇಲ್ಲ.

ಆಫೀಸಿನಲ್ಲಿ ನಾನು ಎಲ್ಲರನ್ನೂ ಅಣಕಿಸುತ್ತಿದ್ದೆ. ಬೊಡೊಬಾಬು ನಶ್ಯ ಏರಿಸಿ ಸೀನು ಬರುವವರೆಗೆ ಅರ್ಧ ವಾಕ್ಯವನ್ನು ಗಾಳಿಯಲ್ಲಿ ನಿಲ್ಲಿಸುವುದು, ಮ್ಯಾನೇಜರ್ ಪ್ರತಿ ಮಾತಿಗೂ "ಟೆಕ್ನಿಕಲೀ" ಎಂಬ ಮುನ್ನುಡಿ ಹಾಕುವುದು, ಯೂನಿಯನ್ ಲೀಡರು ಚಹಾ ಕೇಳುವಾಗಲೂ ಮುಷ್ಟಿ ಎತ್ತುವುದು. ನನ್ನನ್ನು ತಿರುಗಿ ಅಣಕಿಸಿದವರು ಒಬ್ಬರೇ: ಒಳಬರುವ ಸರಕಿನ ಪುಸ್ತಕ ಬರೆಯುತ್ತಿದ್ದ ದಿದಿ. ಬಂಗಾಳದಲ್ಲಿ ಅಕ್ಕನಿಗೆ ದಿದಿ ಅನ್ನುತ್ತಾರೆ. ನನಗಿಂತ ಏಳೆಂಟು ವರ್ಷ ದೊಡ್ಡವರು, ನನಗಿಂತ ಮೂರು ತಿಂಗಳು ಮೊದಲು ಸೇರಿದವರು. ಒಂದು ದಿನ ಅವರು ಮಂಡಕ್ಕಿ ಜಗಿಯುವುದನ್ನು ನಾನು ಮಾಡಿ ತೋರಿಸಿದೆ. ಅವರು ಬಾಯೊರೆಸಿಕೊಂಡು, "ಈಗ ನಿನ್ನದು ನೋಡು" ಎಂದು, ಎರಡೂ ಭುಜ ಮೇಲೆತ್ತಿ, ಎಲ್ಲರೂ ನಗುತ್ತಿದ್ದಾರೋ ಇಲ್ಲವೋ ಎಂದು ಓರೆಗಣ್ಣಲ್ಲಿ ಎಣಿಸುವ ಒಬ್ಬ ಸಣಕಲನನ್ನು ಮಾಡಿ ತೋರಿಸಿದರು. ಆಫೀಸು ನಕ್ಕಿತು. ನಾನು ಭುಜ ಇಳಿಸಿಕೊಂಡೆ. ಅಂದಿನಿಂದ ದಿದಿಯ ಮೇಲೆ ನನಗೆ ಮರ್ಯಾದೆ.

ಆ ಚಳಿಗಾಲದಲ್ಲಿ ಕಂಪ್ಯೂಟರು ಬಂತು. ಬರುವ ಮೊದಲು ಗೇಟಿನಲ್ಲಿ ಕೆಂಪು ಬಾವುಟ ಹಿಡಿದು ಒಂದು ಸಭೆ ಆಯಿತು. "ಯಂತ್ರ ಬರಬಹುದು! ಆದರೆ ಒಂದೇ ಒಂದು ಕುರ್ಚಿ ಅಲುಗಾಡಬಾರದು!" ಎಂದರು ಲೀಡರು. ಮಾರನೇ ದಿನ ನಾನು ಅದನ್ನು ಮಾಡಿ ತೋರಿಸುತ್ತಿದ್ದಾಗ ಹಿಂದೆ ನಿಂತು ಕೇಳಿ, "ಧ್ವನಿ ಇನ್ನೂ ಹೊಟ್ಟೆಯಿಂದ ಬರ್ಬೇಕು" ಎಂದು ತಿದ್ದಿಹೋದರು. ಕುರ್ಚಿ ಅಲುಗಾಡಲಿಲ್ಲ. ಕಂಪ್ಯೂಟರಿಗೇ ಕುರ್ಚಿ ಸಿಗಲಿಲ್ಲ; ಅದನ್ನು ಬೊಡೊಬಾಬುವಿನ ಎದುರಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ಇಟ್ಟು, ನಾನು ನಿಂತುಕೊಂಡೇ ಕಲಿತೆ.

ಕಲಿಸಲು ಬಂದವನು ನ್ಯೂ ಟೌನ್‌ನ ಸಾಫ್ಟ್‌ವೇರ್ ಕಂಪನಿಯ ಹುಡುಗ. ಅಲ್ಲಿ ಆಗಿನ್ನೂ ಕಟ್ಟಡಕ್ಕಿಂತ ಕ್ರೇನುಗಳೇ ಹೆಚ್ಚು. ಅವನ ಬೂಟಿನಲ್ಲಿ ಆ ಕಡೆಯ ರಾಜಾರ್‌ಹಾಟಿನ ಕೆಸರು, ಬಾಯಲ್ಲಿ "ವೆರಿ ಈಸಿ". ಎರಡು ಮಧ್ಯಾಹ್ನ ಕಲಿಸಿ, "ನಂಬರ್ ಸೆಟ್ಟಿಂಗ್ ನೀವೇ ಮಾಡ್ಕೊಳ್ಳಿ, ಒಂದೇ ಸ್ಕ್ರೀನು" ಎಂದು ಬಸ್ಸು ಹತ್ತಿದ.

ಆ ಒಂದು ಸ್ಕ್ರೀನಿನ ಮುಂದೆ ನಾನು ಒಂದು ವಾರ ಕಳೆದೆ. ಪತ್ರ ಬರೆದು ಉಳಿಸಿದ ತಕ್ಷಣ ಯಂತ್ರ ತಾನೇ ನಂಬರು ಕೊಡಬೇಕು. ಅದು ಹೇಗಿರಬೇಕು ಎಂದು ಮೊದಲೇ ಹೇಳಿಡಬೇಕು. ಮುಂದೆ ಯಾವ ಅಕ್ಷರ ಬೇಕು, ವರ್ಷ ಬೇಕೇ, ಎಷ್ಟು ಅಂಕೆ, ಎಲ್ಲಿಂದ ಶುರು, ಯಾವಾಗ ಮತ್ತೆ ಒಂದಕ್ಕೆ ಬರಬೇಕು. ನಾನು ಮೊದಲ ಪ್ರಯತ್ನದಲ್ಲಿ 'ವರ್ಷಕ್ಕೊಮ್ಮೆ' ಎಂಬುದರ ಬದಲು 'ದಿನಕ್ಕೊಮ್ಮೆ' ಒತ್ತಿಬಿಟ್ಟಿದ್ದೆ. ಮೂರು ದಿನ ಕಳಿಸಿದ ಮೂರು ಪರೀಕ್ಷೆಯ ಪತ್ರಕ್ಕೂ ಒಂದನೇ ನಂಬರು. ಬೊಡೊಬಾಬು ಮೂರನ್ನೂ ಸಾಲಾಗಿ ಮೇಜಿನ ಮೇಲಿಟ್ಟು ಕೇಳಿದರು.

"ಏನಪ್ಪಾ ಮದ್ರಾಸಿ, ನಿಮ್ಮ ಕಡೆ ದಿನಾ ಹೊಸ ವರ್ಷವಾ?"

"ಮದ್ರಾಸಿ ಅಲ್ಲ ಬೊಡೊಬಾಬು, ಉಡುಪಿ."

"ಅಲ್ಲಿ ದಿನಾ ಹೊಸ ವರ್ಷವಾ?"

ಅದೇ ಸ್ಕ್ರೀನಿನ ಕೆಳಗೆ ಎರಡು ಪುಟ್ಟ ಚೌಕಗಳಿದ್ದವು. ಕೈಯಿಂದ ನಂಬರು ಬರೆಯಲು ಬಿಡಬೇಕೇ? ಒಮ್ಮೆ ಉಳಿಸಿದ ಪತ್ರವನ್ನು ತಿದ್ದಲು ಬಿಡಬೇಕೇ? ಎರಡರಲ್ಲೂ ಟಿಕ್ ಇತ್ತು. ಎರಡನ್ನೂ ತೆಗೆದೆ. ನ್ಯಾಯ, ಪಾರದರ್ಶಕತೆ ಅಂತೆಲ್ಲ ನಾನು ಯೋಚಿಸಿದ್ದೆ ಎಂದು ಈಗ ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಇಡೀ ಆಫೀಸಿನಲ್ಲಿ ನನಗೊಬ್ಬನಿಗೇ ಬರುವ ಯಂತ್ರಕ್ಕೆ ನನಗೊಬ್ಬನಿಗೇ ಗೊತ್ತಿರುವ ಬೀಗ ಇರಲಿ ಎಂಬ ಜಂಬ, ಅಷ್ಟೇ. ಆ ಸ್ಕ್ರೀನಿಗೆ ಹೋಗುವ ಪಾಸ್‌ವರ್ಡ್ ಅಮ್ಮ ನನ್ನನ್ನು ದಿನಾ ಬಯ್ಯುವ ಎರಡು ಶಬ್ದ, ಇಂಗ್ಲಿಷ್ ಅಕ್ಷರದಲ್ಲಿ. ಮಂಗ ಮಾಣಿ.

ಬೊಡೊಬಾಬು ಒಂದು ಮಧ್ಯಾಹ್ನ ಕುರ್ಚಿ ಎಳೆದು ಪಕ್ಕ ಕೂತರು. "ಎಲ್ಲಾ ಸರಿ. ಇದು ಫಾಂಕಾ ಎಲ್ಲಿ ಬಿಡುತ್ತೆ?"

"ಬಿಡೋದಿಲ್ಲ. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು."

"ದಿನದ ಕೊನೆಗೆ ಮೂರು?"

"ಒಂದೂ ಇಲ್ಲ."

ಅವರು ನಶ್ಯದ ಡಬ್ಬಿ ತೆರೆದು, ಏರಿಸದೆ ಮುಚ್ಚಿದರು. ನಾನು ಅವರ ಧ್ವನಿಯಲ್ಲೇ ಏನೋ ತಮಾಷೆ ಮಾಡಿದೆ, ನಗಲಿಲ್ಲ. "ನೀನು ಕೆಲಸಕ್ಕೆ ಸೇರಿದ್ದು ಯಾವತ್ತು?" ಎಂದು ಕೇಳಿದರು.

"ಒಂದನೇ ತಾರೀಕು."

"ಅದು ಕಾಗದದಲ್ಲಿ. ನೀನು ಬಂದದ್ದು ಯಾವತ್ತು?"

ಆಗ ನೆನಪಾಯಿತು. ಒಂದನೇ ತಾರೀಕಿಗೆ ಸೇರದಿದ್ದರೆ ಆದೇಶ ರದ್ದು ಎಂದು ಬರೆದಿದ್ದರು. ನಾನು ರಸ್ತೆಬದಿಯ ಪುಚ್ಕಾ, ಅಂದರೆ ನಿಮ್ಮ ಪಾನಿಪುರಿ, ಇಪ್ಪತ್ತೆರಡು ತಿಂದು ಜಾಂಡೀಸ್ ಹಿಡಿಸಿಕೊಂಡು ಮಲಗಿದ್ದೆ. ಎದ್ದು ಬಂದದ್ದು ಒಂಬತ್ತನೇ ತಾರೀಕಿಗೆ. ಕಣ್ಣು ಇನ್ನೂ ಅರಿಶಿನ. ಈ ಮನುಷ್ಯ ನನ್ನ ಮುಖ ನೋಡಿ, ಏನೂ ಕೇಳದೆ, ರಿಜಿಸ್ಟರಿನ ಪುಟ ಹಿಂದಕ್ಕೆ ತಿರುಗಿಸಿ, ಒಂದನೇ ತಾರೀಕಿನ ಒಂದು ಫಾಂಕಾದಲ್ಲಿ ನನ್ನ ಹಾಜರಿ ಪತ್ರವನ್ನು ಕೂರಿಸಿದ್ದರು.

"ನೀನು ನಿಂತಿರೋದೇ ಫಾಂಕಾದ ಮೇಲೆ," ಎಂದರು ಬೊಡೊಬಾಬು. "ಮೂವತ್ತು ವರ್ಷದಲ್ಲಿ ಎಷ್ಟು ಜನ ಬಡಪಾಯಿಗಳು ಅಲ್ಲಿ ನಿಂತಿದ್ದಾರೆ ಗೊತ್ತುಂಟಾ? ಹೆಂಡತಿ ಹೆರಿಗೆಗೆ ಹೋದವನು ರಜೆ ಚೀಟಿ ಕೊಡೋಕೆ ಮರೆತರೆ ಎಲ್ಲಿಗೆ ಬರ್ತಾನೆ? ನಿನ್ನ ಯಂತ್ರದ ಹತ್ರ ಬರ್ತಾನಾ?"

ನಾನು ಸ್ಕ್ರೀನಿನ ಕಡೆ ತಿರುಗಿದೆ; ಟಿಕ್ ಮಾತ್ರ ಹಾಕಲಿಲ್ಲ.

ಕೊನೆಗೂ ಯಂತ್ರ ಶುರುಮಾಡುವ ದಿನ ನಿಗದಿಯಾಯಿತು: ಪೊಯ್ಲಾ ಬೊಯ್ಶಾಖ್, ಬಂಗಾಳಿಗಳ ಹೊಸ ವರ್ಷ, ಏಪ್ರಿಲ್ ಹದಿನೈದು. ಸಾಫ್ಟ್‌ವೇರಿಗೆ ಏಪ್ರಿಲ್ ಒಂದೇ ಇಷ್ಟ, ಆದರೆ ಬೊಡೊಬಾಬು ಒಪ್ಪಬೇಕಲ್ಲ. ಅವರ ಪುಸ್ತಕ ಯಾವತ್ತೂ ಗಣಪತಿ ಪೂಜೆಯಾದ ಮೇಲೆಯೇ ಶುರು. ಹಿಂದಿನ ದಿನ ಹಳೆಯ ರಿಜಿಸ್ಟರು ಮುಚ್ಚಿದರು. ಅದರಲ್ಲೂ ಒಂದು ಕ್ರಮವಿತ್ತು. ಹಳೆಯ ವರ್ಷದ ಫಾಂಕಾ ಹೊಸ ವರ್ಷಕ್ಕೆ ದಾಟಬಾರದು ಎಂದು, ಉಳಿದ ಖಾಲಿ ಸಾಲುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಎಳೆದು, ಕೊನೆಯ ಪುಟಕ್ಕೆ ಮ್ಯಾನೇಜರರ ಸಹಿ ಹಾಕಿಸಿದರು. ಮ್ಯಾನೇಜರು ಎಂದಿನಂತೆ ನೋಡದೆ ಹಾಕಿದರು.

ಪೂಜೆಯ ಬೆಳಿಗ್ಗೆ ರಜೆಯಾದರೂ ಎಲ್ಲರೂ ಇಸ್ತ್ರಿ ಬಟ್ಟೆಯಲ್ಲಿ ಬಂದರು. ಮಾನಿಟರಿನ ಮೂಲೆಗೆ ಸಿಂಧೂರದ ಸ್ವಸ್ತಿಕ, ಕೀಬೋರ್ಡಿನ ಪಕ್ಕ ಒಂದು ತಟ್ಟೆ ಸಂದೇಶ್ ಮಿಠಾಯಿ. ಬೊಡೊಬಾಬು ರಿಜಿಸ್ಟರಿನ ಮೊದಲ ಸಾಲು ಯಾವಾಗಲೂ ಗಣಪತಿಗೆ ಬರೆಯುತ್ತಿದ್ದರು. ಈಗಲೂ ಒಂದನೇ ನಂಬರು ಅವನಿಗೇ ಹೋಗಬೇಕು ಎಂದರು.

"ಯಂತ್ರ ವಿಳಾಸ ಕೇಳುತ್ತೆ ಬೊಡೊಬಾಬು."

"ಬರಿ. ಶ್ರೀ ಗಣೇಶ, ಕೈಲಾಸ."

"ಪಿನ್ ಕೋಡ್ ಇಲ್ಲದೆ ಮುಂದೆ ಹೋಗೋದಿಲ್ಲ."

ಬೊಡೊಬಾಬು ಯೋಚನೆಗೆ ಬಿದ್ದರು. ದಿದಿ ಸಂದೇಶ್ ತುಂಬಿದ ಬಾಯಲ್ಲಿ, "ಖಿದಿರ್‌ಪುರದ್ದೇ ಹಾಕು. ಪೋಸ್ಟ್‌ಮ್ಯಾನ್ ಹುಡುಕ್ಲಿ ಬಿಡು" ಎಂದರು. ವಿಷಯ: ಆಶೀರ್ವಾದ ಕೋರಿ. ರವಾನೆ: ಕೈಯಾರೆ. ಉಳಿಸು ಎಂದು ಒತ್ತಿದೆ. ನಾಲ್ಕು ಸೊನ್ನೆಯ ಹಿಂದೆ ಒಂದು ಒಂದು ಮೂಡಿತು. ಬೊಡೊಬಾಬು ಕೈಮುಗಿದರು. ಮ್ಯಾನೇಜರು ಬಂದು, ಎರಡು ಸಂದೇಶ್ ತಿಂದು, "ಟೆಕ್ನಿಕಲೀ, ಐತಿಹಾಸಿಕ ದಿನ" ಎಂದು ಹೋದರು. ಆ ದಿನ ಇನ್ನೊಂದು ಪತ್ರ ಹೋಗಲಿಲ್ಲ. ಎರಡನೇ ನಂಬರು ಹೋದದ್ದು ಮಾರನೇ ದಿನ, ಒಂದು ಟಾರ್ಪಾಲಿನ ವಿಚಾರಕ್ಕೆ.

ಈಗ ದಿದಿಯ ಸಂಗತಿ. ಅವರದು ಒಂದು ವರ್ಷದ ಪ್ರೊಬೇಷನ್. ಏಪ್ರಿಲ್ ಮೂವತ್ತಕ್ಕೆ ಮುಗಿಯುತ್ತಿತ್ತು. ಕಂಪನಿಯ ನಿಯಮ ಏನೆಂದರೆ, ಬೇಡವೆಂದಾದರೆ ಹದಿನೈದು ದಿನ ಮೊದಲೇ, ಅಂದರೆ ಏಪ್ರಿಲ್ ಹದಿನೈದರೊಳಗೆ, ಪತ್ರ ಹೊರಡಿಸಬೇಕು. ಇಲ್ಲದಿದ್ದರೆ ಕೆಲಸ ಖಾಯಂ. ಮ್ಯಾನೇಜರಿಗೆ ದಿದಿ ಬೇಡವಾಗಿದ್ದರು. ಕಾರಣ ಒಂದೇ ಶಬ್ದ: ಒದ್ದೆ. ಫೆಬ್ರವರಿಯಲ್ಲಿ ಒಂದು ಪಾರ್ಟಿಯ, ಅಂದರೆ ಗಿರಾಕಿ ವ್ಯಾಪಾರಿಯ, ಬೇಳೆ ಮೂಟೆಗಳು ಗೋದಾಮಿಗೆ ಬಂದಾಗ ತಳದಲ್ಲಿ ನೀರು ಒಸರುತ್ತಿತ್ತು. ದಿದಿ ಪುಸ್ತಕದಲ್ಲಿ ಒದ್ದೆ ಎಂದೇ ಬರೆದರು. ಪಾರ್ಟಿ ಮ್ಯಾನೇಜರಿಗೆ ಬೇಕಾದವರು; ಬರುವಾಗ ಒಣಗಿತ್ತು ಎಂದಿದ್ದರೆ ನಷ್ಟ ನಮ್ಮ ಗೋದಾಮಿನ ತಲೆಗೆ. ಆ ಸಾಲು ಬದಲಿಸಿ ಬರೆ ಎಂದಾಗ ದಿದಿ, "ಒಣಗಿದ ಮೇಲೆ ಬದಲಿಸ್ತೇನೆ" ಎಂದಿದ್ದರಂತೆ.

ಹಾಗಿದ್ದರೆ ಹದಿನೈದರೊಳಗೆ ಅವರನ್ನು ತೆಗೆದುಹಾಕುವ ಪತ್ರವನ್ನು ಯಾಕೆ ಹೊರಡಿಸಲಿಲ್ಲ? ಇದು ನಮ್ಮ ಆಫೀಸಿನವರು ಮಾತ್ರ ಮಾಡಬಲ್ಲ ತಪ್ಪು. ಮೂವತ್ತು ವರ್ಷ ಫಾಂಕಾ ಇದ್ದ ಜಾಗದಲ್ಲಿ ತಾರೀಕು ಯಾರಿಗೂ ಹೆದರಿಕೆ ಹುಟ್ಟಿಸುತ್ತಿರಲಿಲ್ಲ. ದಾಟಿಹೋದ ತಾರೀಕು ಬೊಡೊಬಾಬುವಿನ ಮೇಜಿನಲ್ಲಿ ಸಿಕ್ಕೇ ಸಿಗುತ್ತದೆ ಎಂದು ಎಲ್ಲರ ಮೈಗೆ ಅಭ್ಯಾಸ. ಮ್ಯಾನೇಜರಿಗೆ ದಿದಿಯ ನೆನಪಾದದ್ದು ಇಪ್ಪತ್ತನಾಲ್ಕಕ್ಕೆ. ಆರಾಮಾಗಿ ನೆನಪಾಯಿತು.

ಮೊದಲು ಹಳೆಯ ರಿಜಿಸ್ಟರು ತರಿಸಿದರು. ಪುಟಪುಟವೂ ಕೆಂಪು ಗೀಟು, ಕೊನೆಗೆ ಅವರದೇ ಸಹಿ. ಆಮೇಲೆ ನನ್ನನ್ನು ಕರೆದರು. ಅವರ ಕೋಣೆಯ ಪ್ಲೈವುಡ್ ಗೋಡೆ ಸೂರಿನ ತನಕ ಮುಟ್ಟುತ್ತಿರಲಿಲ್ಲ. ಒಳಗೆ ಮಾತಾಡಿದ್ದು ಹೊರಗೆ ಚೆನ್ನಾಗಿ ಕೇಳುತ್ತದೆ ಎಂದು ಅವರಿಗೊಬ್ಬರಿಗೆ ಗೊತ್ತಿರಲಿಲ್ಲ.

"ಹದಿನೈದನೇ ತಾರೀಕಿನ ಒಂದು ನಂಬರ್ ಬೇಕು," ಎಂದರು.

"ಇಲ್ಲ ಸಾರ್. ಇವತ್ತಿನದು ಇದೆ, ಮೂವತ್ತೆಂಟು."

"ಕಂಪ್ಯೂಟರಿನ ತಾರೀಕು ಹಿಂದಕ್ಕೆ ತಿರುಗಿಸು."

"ತಿರುಗಿಸಬಹುದು. ಎರಡನೇ ಪತ್ರ ಹದಿನಾರಕ್ಕೆ, ಮೂವತ್ತೆಂಟನೇದು ಹದಿನೈದಕ್ಕೆ. ನೋಡಿದವರು ನಮ್ಮ ಆಫೀಸಿಗೆ ಹೂವಿನ ಹಾರ ತರ್ತಾರೆ."

ಅವರು ಕನ್ನಡಕ ಸರಿಮಾಡಿಕೊಂಡರು. ದಡ್ಡರಲ್ಲ ಅವರು. "ಹದಿನೈದಕ್ಕೆ ಒಂದು ಪತ್ರ ಹೋಗಿದೆಯಲ್ಲ. ಒಂದನೇ ನಂಬರ್. ಯಾರಿಗೆ ಹೋಗಿದೆ?"

"ಗಣಪತಿಗೆ."

"ತಲುಪಿದೆಯಾ?"

"ಉತ್ತರ ಬಂದಿಲ್ಲ ಸಾರ್."

"ಟೆಕ್ನಿಕಲೀ ಅದು ಪತ್ರವೇ ಅಲ್ಲ. ಆ ಹೆಸರು ತೆಗಿ, ಅವಳ ಹೆಸರು ಹಾಕು. ವಿಷಯ ನಾನು ಹೇಳ್ತೇನೆ. ಕೈಯಾರೆ ಕಳಿಸಿದ್ದು, ಅವಳು ತಗೊಳ್ಳಲಿಲ್ಲ. ಮುಗೀತು."

ನಾನು ಅಲ್ಲಿ ನಿಂತು ಏನು ಮಾಡುತ್ತಿದ್ದೆ ಹೇಳಿಬಿಡುತ್ತೇನೆ. ಯಾರ ಧ್ವನಿಯಲ್ಲಿ ಉತ್ತರ ಕೊಡಲಿ ಎಂದು ಹುಡುಕುತ್ತಿದ್ದೆ. ಲೀಡರದು ಬೇಕೇ, ಮುಷ್ಟಿ ಸಮೇತ? ಅಪ್ಪನದು? ನನಗೆ ಗೊತ್ತಿದ್ದ ಧ್ವನಿಗಳೆಲ್ಲ ಒಂದೊಂದಾಗಿ ಬಂದು ಬಾಗಿಲಲ್ಲಿ ಇಣುಕಿ ಓಡಿಹೋದವು. ಕೊನೆಗೆ ಬಾಯಿಂದ ಬಂದದ್ದು "ಹೊಬೇ ನಾ".

ಆಗೋದಿಲ್ಲ ಎಂದರ್ಥ. ಈ ಊರಿನ ಪ್ರತಿ ಕೌಂಟರಿನ ಹಿಂದೆಯೂ ಹುಟ್ಟಿನಿಂದ ಕೇಳಿದ್ದೇನೆ: ರೇಷನ್ ಆಫೀಸಿನಲ್ಲಿ, ಅಂಚೆಯಲ್ಲಿ, ಅಲಿಪುರದ ಸರಕಾರಿ ಕಚೇರಿಯ ಎಲ್ಲ ಕಿಟಕಿಗಳಲ್ಲಿ. ಫ್ಯಾನಿನ ಕೆಳಗೆ ಕೂತು, ಕಣ್ಣೆತ್ತದೆ, ಹೊಬೇ ನಾ. ನೂರು ಸಲ ಅಣಕಿಸಿದ್ದೆ, ನಗು ಖಾತ್ರಿ. ಆ ದಿನ ಮಾತ್ರ ನನ್ನ ಕಿವಿಗೆ ಅದು ಯಾರ ಹಾಗೂ ಕೇಳಲಿಲ್ಲ. ಸ್ವಲ್ಪ ನಡುಗಿತು ಕೂಡ.

"ಏನಂದೆ?"

"ಆಗೋದಿಲ್ಲ ಸಾರ್. ಉಳಿಸಿದ್ದನ್ನು ತಿದ್ದೋಕೆ ಬರೋದಿಲ್ಲ."

"ಯಾರು ಹಾಗೆ ಇಟ್ಟಿದ್ದು?"

"ನಾನು."

"ತೆಗಿ."

"ತೆಗೆಯೋದಿಲ್ಲ."

ಹೊರಗೆ ಟೈಪ್‌ರೈಟರು ನಿಂತಿತು. ಮ್ಯಾನೇಜರು ಧ್ವನಿ ಇಳಿಸಿದರು. ಇಳಿಸಿದರೆ ಇನ್ನೂ ಚೆನ್ನಾಗಿ ಕೇಳುತ್ತಿತ್ತು. "ನೀನು ಸೇರಿದ ತಾರೀಕು ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಒಂಬತ್ತಕ್ಕೆ ಬಂದು ಒಂದನೇ ತಾರೀಕಿನ ಪತ್ರ ಹಾಕಿಸಿಕೊಂಡವನು ನೀನು. ನನಗೆ ನೀತಿ ಹೇಳ್ತೀಯಾ? ಆ ಫೈಲು ತೆರೆದರೆ ನೀನೂ ಹೋಗ್ತೀಯ, ಬೊಡೊಬಾಬುನೂ ಹೋಗ್ತಾರೆ."

ಅದು ನಿಜ. ನನ್ನ ಕಾಲ ಕೆಳಗೆ ಫಾಂಕಾ ಇತ್ತು, ಮತ್ತು ಅದರಲ್ಲಿ ನಾನು ಒಬ್ಬನೇ ಬೀಳುತ್ತಿರಲಿಲ್ಲ. ಒಂದು ಗಳಿಗೆ, ದಿದಿಗೆ ಬೇರೆ ಎಲ್ಲಾದರೂ ಕೆಲಸ ಸಿಗಬಹುದಲ್ಲ ಎಂದೂ ಯೋಚಿಸಿದೆ. ಬರೆದಿಡುತ್ತೇನೆ, ನಾಚಿಕೆ ಆಗಲಿ. ಆದರೆ ನನ್ನ ಕಾಗದ ಯಾರದೇ ಅನ್ನ ಕಿತ್ತುಕೊಂಡಿರಲಿಲ್ಲ. ಇದು ಕಿತ್ತುಕೊಳ್ಳಲೆಂದೇ ಹೊರಟಿದ್ದು. ಅಷ್ಟು ಗೊತ್ತಾದ ಕೂಡಲೇ ನನ್ನ ನಾಲಿಗೆ ಹಳೆಯ ಸ್ಥಿತಿಗೆ ಬಂತು.

"ತೆರೆಯಿರಿ ಸಾರ್. ನಾನು ಮಾಡಿದ್ದು ತಪ್ಪು ಅಂತ ಬರೆದು ಕೊಡಿ. ಇವತ್ತಿನ ತಾರೀಕಿನಲ್ಲಿ. ನಂಬರ್ ನಾನೇ ಕೊಡ್ತೇನೆ, ಮೂವತ್ತೆಂಟು. ಆ ರಿಜಿಸ್ಟರಿನ ಕೊನೆಗೆ ಸಹಿ ನಿಮ್ಮದೇ ಇದೆ."

ಮ್ಯಾನೇಜರು ಬೊಡೊಬಾಬುವನ್ನು ಕರೆಸಿದರು. ಈ ಹುಡುಗನಿಗೆ ಬುದ್ಧಿ ಹೇಳಿ, ಒಂದನೇ ನಂಬರು ಖಾಲಿ ಮಾಡಿಸಿ ಎಂದರು. ಮೂವತ್ತು ವರ್ಷದಲ್ಲಿ ಯಾವ ಸಾಹೇಬನಿಗೂ ಇಲ್ಲವೆನ್ನದ ಮನುಷ್ಯ ಬೊಡೊಬಾಬು. ಅವರು ನಶ್ಯ ಏರಿಸಿದರು. ಸೀನಿಗಾಗಿ ಎಲ್ಲರೂ ಕಾದೆವು.

"ಒಂದನೇದಾ?" ಎಂದರು. "ಗಣೇಶನದಾ?"

"ಅದರಲ್ಲೇನಿದೆ ಬೊಡೊಬಾಬು, ಅದು ಪತ್ರವೇ ಅಲ್ಲ."

ಸೀನು ಬಂತು. ಕರವಸ್ತ್ರ ಮಡಿಸಿ ಜೇಬಿಗಿಟ್ಟು ಅವರು ಹೇಳಿದರು, "ಬೇರೆ ಯಾವ ನಂಬರಾದರೂ ಕೇಳಿ ಸಾರ್. ನಾನು ಇಲ್ಲ ಅಂದದ್ದುಂಟಾ? ಕೆಂಪು ಗೀಟು ಹಾಕುವ ಹಿಂದಿನ ದಿನ ಕೇಳಿದ್ರೂ ಕೊಡ್ತಿದ್ದೆ. ದೇವರಿಗೆ ಕೊಟ್ಟದ್ದನ್ನ ಕಿತ್ಕೊಂಡು, ಒಂದು ಹೆಣ್ಣುಮಗಳ ಹೊಟ್ಟೆ ಮೇಲೆ ಹೊಡೆಯೋ ಕಾಗದಕ್ಕೆ ಅಂಟಿಸೋದು... ಹೊಬೇ ನಾ."

ನನಗೆ ಸ್ವಲ್ಪ ಬೇಜಾರಾಯಿತು. ನ್ಯಾಯದ ಪರವಾಗಿ ಎದೆಯುಬ್ಬಿಸಿ ನಿಂತವನು ನಾನು, ಗೆದ್ದದ್ದು ಗಣಪತಿ. ಅದಕ್ಕಿಂತ ದೊಡ್ಡ ಬೇಜಾರು, ಅವರ ಹೊಬೇ ನಾ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಮ್ಯಾನೇಜರು ಕೊನೆಗೆ ನ್ಯೂ ಟೌನ್‌ನ ಹುಡುಗನಿಗೆ ಫೋನು ಹಚ್ಚಿದರು. ಅವನ "ವೆರಿ ಈಸಿ" ರಿಸೀವರಿನಿಂದ ನನಗೂ ಕೇಳಿಸಿತು. ಮ್ಯಾನೇಜರ ಮುಖ ಅರಳಿತು. ಆಮೇಲೆ ಅವನು ಇನ್ನೇನೋ ಹೇಳಿದ, ಮುಖ ಮುದುಡಿತು. ಬೀಗ ತೆಗೆಯಬೇಕಾದರೆ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಕೋರಿಕೆ ಪತ್ರ ಬೇಕಂತೆ. ಯಾವ ಪತ್ರ ತಿದ್ದಬೇಕು, ಯಾಕೆ ಎಂದು ಬರೆದಿರಬೇಕು. ರೆಫರೆನ್ಸ್ ನಂಬರು ಹಾಕಿರಬೇಕು.

ನಾನು ಅಲ್ಲೇ ನಿಂತಿದ್ದೆ. "ಮೂವತ್ತೆಂಟು ಇನ್ನೂ ಖಾಲಿ ಇದೆ ಸಾರ್," ಎಂದೆ.

"ಗೆಟ್ ಔಟ್," ಎಂದರು ಮ್ಯಾನೇಜರು. ಇದಕ್ಕೆ ಟೆಕ್ನಿಕಲೀ ಬೇಕಾಗಲಿಲ್ಲ.

ಹೊರಗೆ ದಿದಿ ತಮ್ಮ ಕೌಂಟರಿನಲ್ಲಿ ಮಂಡಕ್ಕಿಗೆ ಹಸಿಮೆಣಸು ಮುರಿದು ಹಾಕುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆ ಎಂದು ಕೈಯ ವೇಗದಲ್ಲೇ ಗೊತ್ತಾಗುತ್ತಿತ್ತು. ಮೆಣಸು ಬೀಜ ಬೀಜವಾಗಿ ಚೂರಾಗಿತ್ತು. ಥ್ಯಾಂಕ್ಸ್ ಹೇಳುತ್ತಾರೆ ಎಂದು ನಾನು ಭುಜ ಎತ್ತಿ ನಿಂತೆ.

"ಭುಜ ಇಳಿಸು," ಎಂದರು. "ನನಗೋಸ್ಕರ ಹುತಾತ್ಮ ಆಗ್ಬೇಡ. ನಿನ್ನ ಮುಖಕ್ಕೆ ಹಾರ ಒಪ್ಪೋದಿಲ್ಲ. ಯೂನಿಯನ್ ಇದೆ."

ಮಧ್ಯಾಹ್ನ ಯೂನಿಯನ್ ರೂಮಿಗೆ ಹೋಗಿ ಐದು ನಿಮಿಷದಲ್ಲಿ ತಿರುಗಿ ಬಂದರು. ಪ್ರೊಬೇಷನ್‌ನಲ್ಲಿರುವವರು ಸದಸ್ಯರಲ್ಲವಂತೆ. ಖಾಯಂ ಆಗಿ ಬಂದರೆ ಖಾಯಂ ಮಾಡಿಸಲು ಹೋರಾಡುತ್ತಾರಂತೆ. ಲೀಡರ ಮುಷ್ಟಿಯನ್ನು ಅವರು ನನಗಿಂತ ಚೆನ್ನಾಗಿ ಮಾಡಿ ತೋರಿಸಿದರು, ಹೊಟ್ಟೆಯಿಂದ ಧ್ವನಿ ಎತ್ತಿ. ಆಮೇಲೆ ಕೂತು, ತುಂಬ ಹೊತ್ತು ಒಂದೇ ಸಾಲನ್ನು ಬರೆಯುತ್ತಿದ್ದರು.

ಆರು ದಿನ ಹಾಗೇ ಕಳೆದವು. ಮ್ಯಾನೇಜರು ನನ್ನ ಜೊತೆ ಮಾತಾಡಲಿಲ್ಲ. ದಿನಾ ಬೆಳಿಗ್ಗೆ ಬಂದ ಕೂಡಲೇ ನಾನು ಒಂದನೇ ಪತ್ರ ತೆರೆದು ನೋಡುತ್ತಿದ್ದೆ: ಶ್ರೀ ಗಣೇಶ, ಕೈಲಾಸ, ಕಲ್ಕತ್ತ ಇಪ್ಪತ್ತಮೂರು. ಇದ್ದಾನೆ. ಮೂವತ್ತನೇ ತಾರೀಕು ಸಂಜೆ ಐದು ಹೊಡೆದಾಗ ಯಾರೂ ಏಳಲಿಲ್ಲ. ಐದೂ ಐದಕ್ಕೆ ದಿದಿ ಪುಸ್ತಕ ಮುಚ್ಚಿ, ಚಪ್ಪಲಿ ಹಾಕಿಕೊಂಡು, "ನಾಳೆ ಮೇ ದಿನ, ರಜೆ. ನಾಡಿದ್ದು ಬರ್ತೇನೆ" ಎಂದರು. ಬರ್ತೇನೆ ಎ‍ಂಬುದನ್ನು ಸ್ವಲ್ಪ ಜೋರಾಗಿ ಹೇಳಿದರು, ಪ್ಲೈವುಡ್ಡಿನ ಕಡೆಗೆ.

ಮೇ ಎರಡನೇ ವಾರ ಮ್ಯಾನೇಜರು ಎರಡು ಪತ್ರದ ಕರಡು ಒಟ್ಟಿಗೆ ಕಳಿಸಿದರು. ಅರವತ್ತನಾಲ್ಕನೇದು ದಿದಿಗೆ, ಖಾಯಂ ಆದೇಶ. ಅರವತ್ತೈದನೇದು ನನಗೆ: ಬಂದರಿನ ಗೇಟಿನ ಲಾರಿ ತೂಕದ ಕಟ್ಟೆಗೆ ವರ್ಗ, ಕೂಡಲೇ ಜಾರಿ. ಟೈಪು ಮಾಡಬೇಕಾದವನೂ ನಾನೇ, ನಂಬರು ಹೊಡೆಸಬೇಕಾದವನೂ ನಾನೇ. ಎರಡರ ನಡುವೆ ಒಂದು ಕೂದಲಿನಷ್ಟೂ ಫಾಂಕಾ ಇರಲಿಲ್ಲ. ನಾನು ಹಾಕಿದ ಸೆಟ್ಟಿಂಗ್ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ನನ್ನ ಪತ್ರ ಪ್ರಿಂಟರಿನಿಂದ ಕಿರಿಕಿರಿ ಎನ್ನುತ್ತ ಹೊರಬಂತು. ನಾನು ಅದನ್ನು ಎತ್ತಿ ಹಿಡಿದು, ಇಲ್ಲದ ಕನ್ನಡಕ ಸರಿಮಾಡಿಕೊಂಡು, ಮ್ಯಾನೇಜರ ಧ್ವನಿಯಲ್ಲಿ ಇಡೀ ಆಫೀಸಿಗೆ ಓದತೊಡಗಿದೆ. ಎರಡನೇ ಸಾಲಿಗೆ ಬರುವಾಗ ಎದುರಿನವರ ಮುಖ ಬದಲಾಯಿತು. ಹಿಂದೆ ಅವರೇ ನಿಂತಿದ್ದರು. ಹಿಂದಿನ ನಾನಾಗಿದ್ದರೆ ಕೆಮ್ಮಿ, ಕಾಗದ ಮಡಿಸಿ, ಶೌಚಾಲಯದ ಕಡೆ ಓಡುತ್ತಿದ್ದೆ. ಓದುವುದನ್ನು ನಿಲ್ಲಿಸಲಿಲ್ಲ. ಅವರ ಮುಖ ನೋಡಿಕೊಂಡೇ, ಅವರದೇ ಧ್ವನಿಯಲ್ಲಿ, ಕೊನೆಯ ಸಾಲಿನವರೆಗೆ ಓದಿ, ಕೆಳಗೆ ಟೈಪಾದ ಅವರ ಹೆಸರನ್ನೂ ಓದಿ, "ಸಿಕ್ಕಿತು ಸಾರ್" ಎಂದು ನನ್ನ ಧ್ವನಿಯಲ್ಲಿ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಒಳಗೆ ಹೋದರು.

"'ಕೂಡಲೇ' ಅನ್ನುವಾಗ ಅವರು ಮೂಗು ಎಳೀತಾರೆ," ಎಂದರು ದಿದಿ. "ಅದು ಬಿಟ್ಟುಹೋಯ್ತು."

ಹೋಗುವ ಮೊದಲು ಪಾಸ್‌ವರ್ಡನ್ನು ಬೊಡೊಬಾಬುಗೆ ಒಪ್ಪಿಸಬೇಕಾಯಿತು. ಅಕ್ಷರ ಅಕ್ಷರವಾಗಿ ಬರೆದುಕೊಂಡು, ಅರ್ಥ ಏನು ಎಂದು ಕೇಳಿದರು. ಹೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬದಲಾಯಿಸೋದು ಬೇಡ, ನಿನ್ನ ನೆನಪಿಗೆ ಇರ್ಲಿ" ಎಂದರು. ಎರಡು ಚೌಕಗಳು ಎಲ್ಲಿವೆ ಎಂದೂ ತೋರಿಸಿದೆ. ಟಿಕ್ ಹಾಕುವುದಾದರೆ ಇನ್ನು ನಿಮ್ಮ ಕೈಯಲ್ಲಿ ಎಂದೆ. ಅವರು ಚೀಟಿ ಮಡಿಸಿ ನಶ್ಯದ ಡಬ್ಬಿಯ ಕೆಳಗಿಟ್ಟರು.

ತೂಕದ ಕಟ್ಟೆಯಲ್ಲಿ ನೆರಳಿಲ್ಲ, ಅಣಕಿಸಲು ಲಾರಿ ಡ್ರೈವರುಗಳು ಮಾತ್ರ ಧಾರಾಳ. ಮಳೆಗಾಲದ ಶುರುವಿನಲ್ಲಿ ಒಂದು ದಿನ ಚೀಟಿ ಪುಸ್ತಕಕ್ಕೆಂದು ಆಫೀಸಿಗೆ ಹೋದೆ. ಐದಕ್ಕೆ ಹತ್ತು ನಿಮಿಷ. ಬೊಡೊಬಾಬು ಒಂದೇ ಬೆರಳಿನಿಂದ ಏನೋ ಕುಟ್ಟುತ್ತಿದ್ದರು. ಇಣುಕಿದೆ. ಆ ದಿನದ ಕೊನೆಯ ಮೂರು ಪತ್ರ: ಲಕ್ಷ್ಮಿಗೆ ಒಂದು, ಸರಸ್ವತಿಗೆ ಒಂದು, ಕಾರ್ತಿಕನಿಗೆ, ಅಂದರೆ ನಮ್ಮ ಸುಬ್ರಹ್ಮಣ್ಯನಿಗೆ, ಒಂದು. ಮೂರಕ್ಕೂ ಖಿದಿರ್‌ಪುರದ ಪಿನ್ ಕೋಡು, ಮೂರೂ ಕೈಯಾರೆ. ಹಿಂದಿನ ದಿನದ್ದು ತೆರೆದೆ, ಅಲ್ಲೂ ಮೂವರು.

"ಬೊಡೊಬಾಬು, ಫಾಂಕಾನಾ? ಆ ಚೌಕಕ್ಕೆ ಟಿಕ್ ಹಾಕಿದ್ರಾ?"

"ನೀನೇ ನೋಡು."

ನೋಡಿದೆ. ಎರಡೂ ಖಾಲಿ. ಉಳಿಸಿದ್ದನ್ನು ಯಾರೂ ತಿದ್ದುವ ಹಾಗಿರಲಿಲ್ಲ.

"ಹಾಗಾದ್ರೆ ಈ ಮೂರು ಯಾರಿಗೂ ಉಪಯೋಗ ಇಲ್ಲವಲ್ಲ. ರಜೆ ಚೀಟಿ ಮರೆತು ಬಂದವನಿಗೆ ಏನು ಕೊಡ್ತೀರಿ?"

"ಬೈತೇನೆ. ಬೈದು, ಅವತ್ತಿನ ತಾರೀಕಿನಲ್ಲೇ, ಯಾಕೆ ತಡ ಆಯ್ತು ಅಂತ ಇದ್ದದ್ದನ್ನ ಇದ್ದ ಹಾಗೆ ಬರೆಸಿ, ಕಾಗದ ಹಿಡ್ಕೊಂಡು ನಾನೇ ಮ್ಯಾನೇಜರ್ ಹತ್ರ ಹೋಗ್ತೇನೆ. ಸಹಿ ಹಾಕೋ ತನಕ ಅಲ್ಲೇ ನಿಲ್ತೇನೆ. ಇಬ್ಬರದ್ದು ಆಗಿದೆ. ಕಾಲು ನೋಯ್ತದೆ, ಅಷ್ಟೇ."

"ಮತ್ತೆ ಈ ದೇವರುಗಳು?"

"ಮ್ಯಾನೇಜರು ದಿನಾ ಸಂಜೆ ಬಂದು ಇಣುಕಿ ನೋಡ್ತಾರೆ, ಖಾಲಿ ಏನಾದ್ರೂ ಉಂಟಾ ಅಂತ," ಎಂದರು ಬೊಡೊಬಾಬು, ಕಾರ್ತಿಕನನ್ನು ಉಳಿಸುತ್ತಾ. "ನೋಡ್ಲಿ. ಐದಕ್ಕೆ ಮೂರು ಸಾಲು ಬರೆಯೋ ಅಭ್ಯಾಸ ನನ್ನ ಕೈ ಬಿಟ್ಟಿಲ್ಲ. ಎಲ್ಲಾ ಸೀಟೂ ಭರ್ತಿ."

ಆಚೆ ಒಳಬರುವ ಸರಕಿನ ಕೌಂಟರಿನಿಂದ ಯಾರೋ ನನ್ನದೇ ಧ್ವನಿಯಲ್ಲಿ, ತೆಂಗಿನೆಣ್ಣೆಯ ಬಂಗಾಳಿಯಲ್ಲಿ, "ಹೊಬೇ ನಾ ಸಾರ್, ಹೊಬೇ ನಾ" ಎಂದರು. ನಡುಕವನ್ನೂ ಬಿಟ್ಟಿರಲಿಲ್ಲ. ನಾನು ತಿರುಗಿ ನೋಡದೆ ಚೀಟಿ ಪುಸ್ತಕ ಎತ್ತಿಕೊಂಡು, ಎರಡೂ ಭುಜ ಎಷ್ಟಾಗುತ್ತದೋ ಅಷ್ಟು ಮೇಲೆತ್ತಿಕೊಂಡು, ಗೇಟಿನ ಕಡೆ ನಡೆದೆ.